ಐಸಿನ ಮೇಲೊಂದು ಸನ್ಮಾನ

ಐಸ್ ಸ್ಕೇಟಿಂಗ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಐಸಿನ ಅಂಗಳದ, ಅಂದರೆ ರಿಂಕಿನ, ಮೇಲಂತಸ್ತಿನ ಕೆಫೆಯಲ್ಲಿ ಕೂತು ಕಲಿತದ್ದು. ಅಲ್ಲಿ ಹೀಟರ್ ಇದೆ, ಚಹಾ ಪರವಾಗಿಲ್ಲ, ಗಾಜಿನ ಆಚೆ ಬೇರೆಯವರ ಮಕ್ಕಳು ಬೀಳುವುದನ್ನು ಆರಾಮವಾಗಿ ನೋಡಬಹುದು. ಇಷ್ಟು ಅನುಭವದ ಮೇಲೆ ನಾನು ನಮ್ಮ ಕನ್ನಡ ಬಳಗದ ಹಿಮಕ್ರೀಡಾ ಸಮಿತಿಗೆ ಅಧ್ಯಕ್ಷನಾದೆ. ಆಗಬಾರದಿತ್ತು. ಆದರೆ ‘ಅಧ್ಯಕ್ಷರು ಯಾರಾಗ್ತೀರಿ?’ ಅಂತ ಯಾರಾದರೂ ಕೇಳಿದರೆ ಸಾಕು, ನನ್ನ ಕೈ ನನ್ನನ್ನು ಕೇಳದೆಯೇ ಮೇಲೇಳುತ್ತದೆ.

ಹೆಸರು ಅಶ್ವತ್ಥನಾರಾಯಣ. ಹುಟ್ಟಿದ್ದು ಮೈಸೂರು, ಈಗಿರುವುದು ಇಂಗ್ಲೆಂಡಿನ ಹೇಸ್. ಪಾರ್ಕ್ ರಾಯಲ್ ಕೈಗಾರಿಕಾ ಪ್ರದೇಶದ ಒಂದು ಸಿದ್ಧ ಅಡುಗೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಅಲ್ಲಿ ಎಲ್ಲರೂ ನನ್ನನ್ನು ‘ಆಶ್’ ಅನ್ನುತ್ತಾರೆ. ಇಷ್ಟುದ್ದದ ಹೆಸರಿನಲ್ಲಿ ಅವರಿಗೆ ಬೇಕಾಗಿದ್ದು ಅಷ್ಟೇ. ದಿನವಿಡೀ ಯಂತ್ರಗಳ ಗದ್ದಲ. ಎಲ್ಲರ ಕಿವಿಗೂ ಮುಚ್ಚಳ. ನನ್ನ ಮಾತನ್ನು ಒಬ್ಬನೂ ಕೇಳುವುದಿಲ್ಲ. ಹಾಗಾಗಿ ವಾರದ ಕೊನೆಯಲ್ಲಿ ಮೈಕು ಸಿಕ್ಕರೆ ನಾನು ಬಿಡುವ ಪೈಕಿ ಅಲ್ಲ. ಯುಗಾದಿಗೆ ಸ್ವಾಗತ ಭಾಷಣ ನನ್ನದು, ರಾಜ್ಯೋತ್ಸವಕ್ಕೆ ವಂದನಾರ್ಪಣೆ ನನ್ನದು. ನನ್ನ ವಂದನಾರ್ಪಣೆ ಮುಗಿಯುವಷ್ಟರಲ್ಲಿ ಬಿಸಿಬೇಳೆಬಾತು ತಣ್ಣಗಾಗಿ ಗಟ್ಟಿಯಾಗಿರುತ್ತದೆ ಎಂದು ಹೆಂಡತಿ ಮಾಳವಿಕಾ ಹೇಳುತ್ತಾಳೆ. ಅವಳು ಆಸ್ಪತ್ರೆಯಲ್ಲಿ ನರ್ಸ್. ಚುಚ್ಚುವುದು ಅವಳಿಗೆ ಅಭ್ಯಾಸ.

ನಮಗೆ ಒಬ್ಬಳೇ ಮಗಳು, ಇಂಚರಾ. ಹತ್ತೊಂಬತ್ತು ವರ್ಷ, ಕಾಲೇಜು ಓದುತ್ತಿದ್ದಾಳೆ. ಅವಳು ಚಿಕ್ಕವಳಿದ್ದಾಗ ಮಾಳವಿಕಾಗೆ ಭಾನುವಾರ ಡ್ಯೂಟಿ ಬೀಳುತ್ತಿತ್ತು. ಮಗುವನ್ನು ಎಲ್ಲಿ ಬಿಡುವುದು? ಈಜುಕೊಳದ ಕೆಫೆಯಲ್ಲಿ ಕ್ಲೋರಿನ್ ವಾಸನೆ, ರಿಂಕಿನ ಕೆಫೆಯಲ್ಲಿ ಹೀಟರ್. ಹಾಗಾಗಿ ಸ್ಕೇಟಿಂಗಿಗೆ ಸೇರಿಸಿದೆ. ಮಗಳ ಪ್ರತಿಭೆಯನ್ನು ನಾನು ಗುರುತಿಸಿದ ಬಗೆ ಇದು. ಅವಳು ಮಾತ್ರ ಐಸನ್ನು ಬಿಡಲೇ ಇಲ್ಲ. ಎರಡು ವರ್ಷದ ಹಿಂದೆ, ಭಾನುವಾರ ಬೆಳಿಗ್ಗೆ ರಿಂಕು ಖಾಲಿ ಇರುವ ಒಂದು ಗಂಟೆಯನ್ನು ಕಡಿಮೆ ಬಾಡಿಗೆಗೆ ಕೇಳಿ ಪಡೆದು, ನಮ್ಮ ಬೀದಿಯ ಮತ್ತು ಪಕ್ಕದ ಸರ್ಕಾರಿ ಫ್ಲ್ಯಾಟುಗಳ ಮಕ್ಕಳಿಗೆ ಕಲಿಸಲು ಶುರು ಮಾಡಿದಳು. ಸೋಮಾಲಿ ಮಕ್ಕಳು, ಪಂಜಾಬಿ ಮಕ್ಕಳು, ಪೋಲೆಂಡಿನವರು, ನಮ್ಮ ಬಳಗದ ಇಬ್ಬರು ಮೂವರು. ಸ್ಕೇಟಿಂಗ್ ಅಂದರೆ ದುಡ್ಡಿದ್ದವರ ಆಟ ಅಂದುಕೊಂಡಿದ್ದ ಮನೆಗಳ ಮಕ್ಕಳು.

ತೊಂದರೆ ಬಂದದ್ದು ಈ ವರ್ಷ. ಕ್ಲಾಸಿಗೆ ಜೊತೆಯಾಗಿ ಬರುತ್ತಿದ್ದವರಲ್ಲಿ ಕೋಚ್ ಸರ್ಟಿಫಿಕೇಟ್ ಇದ್ದವಳು ಇಂಚರಾಳ ಗೆಳತಿಯೊಬ್ಬಳೇ. ಅವಳಿಗೆ ಸ್ಕಾಟ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಎರಡು ತಿಂಗಳೊಳಗೆ ಸರ್ಟಿಫಿಕೇಟ್ ಇರುವ ಕೋಚ್ ಸಿಗದಿದ್ದರೆ ಐಸ್ ಕೊಡುವುದಿಲ್ಲ ಎಂದರು ರಿಂಕಿನವರು. ಇಂಚರಾ ಕೋಚ್ ಕೋರ್ಸ್ ಮಾಡಬೇಕು, ಇಲ್ಲದಿದ್ದರೆ ಕ್ಲಾಸು ಮುಚ್ಚಬೇಕು. ಚಳಿಗಾಲದ ಆಟಗಳಿಗೆ ಹುಡುಗರನ್ನು ತರಲೆಂದೇ ಇಂಥ ಸಣ್ಣ ಕ್ಲಾಸುಗಳಿಗೆ ನೆರವು ಕೊಡುವ ಒಂದು ಟ್ರಸ್ಟು ಇತ್ತು. ಕೋರ್ಸಿನ ಖರ್ಚು, ವರ್ಷದ ಐಸ್ ಬಾಡಿಗೆ, ಎರಡನ್ನೂ ಅವರೇ ಕೊಡುತ್ತಾರೆ. ಆದರೆ ಯಾವುದಾದರೂ ಸಂಘದ ಮೂಲಕ ಕೇಳಬೇಕು.

‘ಅಪ್ಪಾ, ನಿಮ್ಮ ಬಳಗದ ಹೆಸರು ಕೊಟ್ರೆ ಸಾಕು. ದಟ್ಸ್ ಆಲ್,’ ಎಂದಳು ಇಂಚರಾ. ‘ಟ್ರಸ್ಟಿನವರು ಒಬ್ರು ಬರ್ತಾರೆ, ಕ್ಲಾಸ್ ನೋಡ್ತಾರೆ, ಹೋಗ್ತಾರೆ. ಪ್ಲೀಸ್, ನಥಿಂಗ್ ಎಲ್ಸ್.’

‘ಆಯ್ತು ಕಂದ, ನಂಗೆ ಬಿಡು,’ ಎಂದೆ. ಆ ಕ್ಷಣದಲ್ಲೇ ಎಲ್ಲವೂ ಕೆಟ್ಟಿತು. ಅರ್ಜಿಗೆಂದು ಬಳಗದಲ್ಲಿ ಹಿಮಕ್ರೀಡಾ ಸಮಿತಿ ಹುಟ್ಟಿತು, ಅರ್ಜಿಯಲ್ಲಿ ಇದ್ದದ್ದು ಅಧ್ಯಕ್ಷ ‘ಆಶ್’ ಎನ್ನುವ ಒಂದೇ ಹೆಸರು.

ಬಳಗದಲ್ಲಿ ನನ್ನ ಬಲಗೈ ಡಾಕ್ಟರ್ ವೀರಣ್ಣ, ಧಾರವಾಡದವರು, ಈಗ ನಿವೃತ್ತರು. ಅವರಿಗೆ ವಿಷಯ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

‘ಅಲ್ರೀ ಸರ, ಆ ಟ್ರಸ್ಟಿನ ಹೆಣ್ಣುಮಗಳು ಅಷ್ಟು ದೂರದಿಂದ ಬರ್ತಾಳ. ಒಂದು ಶಾಲು ಹೊಚ್ಚದ ಹಂಗ, ಒಂದು ಹಣ್ಣಿನ ಬುಟ್ಟಿ ಕೊಡದ ಹಂಗ ಕಳಸೂದೇನ್ರೀ? ಮಂದಿ ಏನಂದಾರು?’

‘ಮಂದಿ ಏನಂದಾರು’ ಎಂದರೆ ಸಾಕು, ನಾನು ಪೆನ್ನು ಕಾಗದ ತೆಗೆಯುತ್ತೇನೆ. ಇಬ್ಬರೂ ಕೂತು ಕಾರ್ಯಕ್ರಮ ರೂಪಿಸಿದೆವು. ಮೊದಲು ಪ್ರಾರ್ಥನೆ. ಆಮೇಲೆ ಸ್ವಾಗತ. ದೀಪ. ಪ್ರಾಸ್ತಾವಿಕ ನುಡಿ. ಸನ್ಮಾನ. ಅಧ್ಯಕ್ಷರ ಭಾಷಣ. ಕೊನೆಗೆ ವಂದನಾರ್ಪಣೆ. ಇಷ್ಟರ ನಡುವೆ ಮಕ್ಕಳು ಸ್ಕೇಟ್ ಮಾಡುವುದು ಎಲ್ಲಿ ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ ನೋಡಿ.

ಟ್ರಸ್ಟಿನವರು ಬಂದ ಭಾನುವಾರ ನಾನು ರೇಷ್ಮೆ ಪಂಚೆ ಉಟ್ಟು, ಜುಬ್ಬಾ ತೊಟ್ಟು ಹೋದೆ. ಐಸಿನ ಮೇಲೆ ರಬ್ಬರ್ ಚಾಪೆ ಹಾಸಿ, ಮೇಲೆ ಮೇಜು, ಮೈಕು, ದೀಪದ ಕಂಬ. ರಿಂಕಿನ ಮ್ಯಾನೇಜರ್ ಬೆಂಕಿ ಹಚ್ಚಲು ಬಿಡಲಿಲ್ಲ. ಬ್ಯಾಟರಿ ದೀಪ ಇಟ್ಟೆವು. ಟ್ರಸ್ಟಿನಿಂದ ಬಂದವರು ಗ್ಲೆನಿಸ್ ಎನ್ನುವ ಹೆಂಗಸು, ಅರವತ್ತರ ಆಸುಪಾಸು, ಒಂದು ಕಾಲದಲ್ಲಿ ಸ್ವತಃ ಸ್ಕೇಟ್ ಮಾಡಿದವರು. ‘ಈಗ ದೀಪ ಬೆಳಗಿಸಬೇಕಾಗಿ ವಿನಂತಿ’ ಎಂದೆ. ಆಕೆ ಗಂಭೀರವಾಗಿ ಸ್ವಿಚ್ ಒತ್ತಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಪಂಚೆಯೊಳಗೆ ಚಳಿ ಹೇಗೆ ನುಗ್ಗುತ್ತದೆಂದು ಅನುಭವಿಸಿದವನಿಗೇ ಗೊತ್ತು. ಪ್ರಾಸ್ತಾವಿಕ ನುಡಿಯ ಅರ್ಧದಲ್ಲಿ ನನ್ನ ಹಲ್ಲುಗಳು ಕಟಕಟ ಅನ್ನತೊಡಗಿದವು. ಬೆಂಚಿನ ಮೇಲೆ ಒಂದು ದಪ್ಪ ಜಾಕೆಟ್ ಬಿದ್ದಿತ್ತು, ಎತ್ತಿಕೊಂಡು ಹಾಕಿಕೊಂಡೆ. ಅದು ಇಂಚರಾಳದು. ಬೆನ್ನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಕೋಚ್’ ಎಂದು ಇಂಗ್ಲಿಷಿನಲ್ಲಿತ್ತು. ನನ್ನ ಬೆನ್ನು ನನಗೆ ಕಾಣುತ್ತದೆಯೇ?

ಮಕ್ಕಳು ಸ್ಕೇಟ್ ಕಟ್ಟಿಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಇಂಚರಾ ಹಿಂದಿನಿಂದ ನನ್ನ ತೋಳು ಜಗ್ಗಿದಳು. ‘ಅಪ್ಪಾ, ಟೈಮ್ ಹೋಗ್ತಿದೆ.’

‘ಬಂತು ಕಂದ, ಎರಡೇ ಮಾತು.’

ಆ ಎರಡು ಮಾತಿನಲ್ಲಿ ನಾನು ಇಂಗ್ಲೆಂಡಿನ ಹವಾಮಾನ, ಚಾಮುಂಡಿ ಬೆಟ್ಟದ ಮೆಟ್ಟಿಲು, ಯುವಜನತೆಯ ಭವಿಷ್ಯ ಎಲ್ಲವನ್ನೂ ಮುಗಿಸಿದೆ. ‘ನಾವು ಈ ಮಕ್ಕಳನ್ನು ಶೂನ್ಯದಿಂದ ಬೆಳೆಸಿದ್ದೇವೆ’ ಎಂದು ಎದೆ ಮುಟ್ಟಿಕೊಂಡು ಇಂಗ್ಲಿಷಿನಲ್ಲಿ ಹೇಳಿದೆ. ವೀರಣ್ಣ ಅತಿಥಿಗೆ ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು. ಪೇಟ ಗ್ಲೆನಿಸ್ ಅವರ ಹುಬ್ಬಿನವರೆಗೆ ಇಳಿಯಿತು. ವಂದನಾರ್ಪಣೆಗೆ ಬಂದೆ. ರಿಂಕಿನ ಮ್ಯಾನೇಜರಿಗೆ, ಮೈಕಿನವನಿಗೆ, ಹಣ್ಣಿನ ಬುಟ್ಟಿ ಕಟ್ಟಿದವರಿಗೆ, ಚಾಪೆ ಹಾಸಿದವರಿಗೆ, ಕೊನೆಗೆ ನಮ್ಮನ್ನು ಅಲ್ಲಿಗೆ ತಲುಪಿಸಿದ ಬಸ್ಸಿನ ಡ್ರೈವರಿಗೂ ವಂದಿಸಿದೆ. ಒಬ್ಬರನ್ನೂ ಬಿಡಲಿಲ್ಲ ಎಂದುಕೊಂಡೆ.

ಪೇಟ ಹಿಂದಕ್ಕೆ ಸರಿಸಿ ಗ್ಲೆನಿಸ್ ಕೇಳಿದರು, ‘ಮಕ್ಕಳು ಯಾವಾಗ ಸ್ಕೇಟ್ ಮಾಡ್ತಾರೆ?’

ಚಾಪೆ, ಮೇಜು ಎತ್ತಿ ಮಕ್ಕಳನ್ನು ಇಳಿಸಿದೆವು. ಒಂದು ಸುತ್ತು ಹಾಕಿದವೋ ಇಲ್ಲವೋ, ಐಸ್ ನಯ ಮಾಡುವ ದೊಡ್ಡ ಗಾಡಿ ಹಾರ್ನ್ ಹೊಡೆಯುತ್ತ ಒಳಗೆ ಬಂತು. ನಮ್ಮ ಗಂಟೆ ಮುಗಿದಿತ್ತು. ಮಕ್ಕಳು ಪೆಚ್ಚುಮೋರೆ ಹಾಕಿಕೊಂಡು ಆಚೆ ಬಂದವು. ‘ಕಾರ್ಯಕ್ರಮ ಭಾಳ ಛಲೋ ಆತ್ರೀ’ ಎಂದು ವೀರಣ್ಣ ನನ್ನ ಕೈ ಕುಲುಕಿದರು. ನಾನೂ ಹಾಗೇ ಅಂದುಕೊಂಡೆ.

ಮುಂದಿನ ವಾರ ಒಂದು ಸಂಜೆ ಗ್ಲೆನಿಸ್ ಫೋನ್ ಮಾಡಿದರು. ನಾನು ಚಪಾತಿ ಹಿಟ್ಟು ಕಲಸುತ್ತಿದ್ದೆ. ಕೈಯೆಲ್ಲ ಹಿಟ್ಟು, ಅದಕ್ಕೆ ಸ್ಪೀಕರಿಗೆ ಹಾಕಿದೆ. ಇಂಚರಾ ಓಡಿ ಬಂದು ಮೇಜಿನ ಪಕ್ಕ ನಿಂತಳು.

‘ಮಿಸ್ಟರ್ ಆಶ್, ಮಕ್ಕಳ ಸ್ಕೇಟಿಂಗ್ ಹೆಚ್ಚು ನೋಡಲಾಗಲಿಲ್ಲ,’ ಎಂದರು ಗ್ಲೆನಿಸ್. ‘ಆದರೆ ಅವರ ಕೋಚಿನ ಉತ್ಸಾಹ ನೋಡಿದೆ. ಕೋರ್ಸಿನಲ್ಲಿ ನಮ್ಮ ಕಡೆಯಿಂದ ಒಂದೇ ಸೀಟು ಇದೆ. ಅದನ್ನು ನಿಮಗೆ ಕೊಡೋಣ ಅಂತ ತೀರ್ಮಾನಿಸಿದ್ದೇವೆ. ಈ ವಯಸ್ಸಿನಲ್ಲಿ ಐಸ್ ಮೇಲೆ ನಿಂತು ಕಲಿಸುವವರು ಅಪರೂಪ.’

ಈಗ ನಾನು ಮಾಡಿದ್ದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ನನಗೆ ಒಂದು ಕ್ಷಣ ಸಂತೋಷವಾಯಿತು! ‘ಥ್ಯಾಂಕ್ಯೂ, ಥ್ಯಾಂಕ್ಯೂ’ ಅಂದೇಬಿಟ್ಟೆ. ಫೋನು ಇಟ್ಟ ಮೇಲೆ ತಲೆಗೆ ಹತ್ತಿತು. ನನ್ನಂಥ ದಡ್ಡಶಿಖಾಮಣಿಯನ್ನು ಪಾರ್ಕ್ ರಾಯಲ್‌ನಲ್ಲಿ ಹೇಗೆ ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೋ.

‘ಕಂಗ್ರಾಜುಲೇಷನ್ಸ್, ಕೋಚ್,’ ಎಂದಳು ಇಂಚರಾ. ಮೆಟ್ಟಿಲು ಹತ್ತಿ ಹೋದಳು. ಬಾಗಿಲು ಹಾಕಿಕೊಂಡ ಸದ್ದಾಯಿತು.

ಮಾಳವಿಕಾ ಒಲೆ ಆರಿಸಿದಳು. ‘ಹೆತ್ತ ಮಗಳು ಎರಡು ವರ್ಷದಿಂದ ಆ ಚಳೀಲಿ ಒದ್ದಾಡ್ತಿದಾಳೆ. ಅಷ್ಟು ಮಾತಾಡಿದ್ರಲ್ಲ, ಅವಳ ಹೆಸರು ಹೇಳೋಕೆ ಬಾಯಿ ಬರ್ಲಿಲ್ವಾ?’

‘ಸ್ವಂತ ಮಗಳನ್ನ ಸಭೇಲಿ ಹೊಗಳೋದು ಹೇಗೆ ಮಾರಾಯ್ತಿ? ಜಂಬ ಅನ್ನಲ್ವಾ? ಮನೆಯವರಿಗೆ ಯಾರಾದ್ರೂ ವಂದನೆ ಹೇಳ್ತಾರಾ? ದೃಷ್ಟಿ ಬೇರೆ ಆಗುತ್ತೆ.’

‘ನಿಮ್ಮ ಬಗ್ಗೆ ಅಷ್ಟು ಹೊತ್ತು ಹೇಳ್ಕೊಂಡ್ರಲ್ಲ, ಆಗ ಆಗ್ಲಿಲ್ವಾ ದೃಷ್ಟಿ?’

ಹಿಟ್ಟಿನ ಕೈಯಲ್ಲೇ ಮೇಲೆ ಹೋದೆ. ಬಾಗಿಲು ತಟ್ಟಿದೆ. ಇಂಚರಾ ತೆಗೆದಳು, ಕಣ್ಣು ಕೆಂಪಗಿದ್ದವು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಉದ್ದಕ್ಕೆ ಮಾತಾಡುವುದು ಇಂಗ್ಲಿಷಿನಲ್ಲೇ. ಅವತ್ತು ಕನ್ನಡದಲ್ಲೇ ಹೇಳಿದಳು.

‘ಬಸ್ ಡ್ರೈವರಿಗೂ ಥ್ಯಾಂಕ್ಸ್ ಹೇಳಿದ್ರಿ ಅಪ್ಪಾ. ನಾನು ಅಲ್ಲೇ ನಿಂತಿದ್ದೆ. ನಿಮ್ಮ ಹಿಂದೇನೇ.’

ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು. ಕೈ ಜುಬ್ಬಾಕ್ಕೆ ಒರೆಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತು ಸ್ಪೀಕರಿನಲ್ಲೇ ಗ್ಲೆನಿಸ್ ಅವರಿಗೆ ಫೋನ್ ಮಾಡಿದೆ.

‘ಮೇಡಂ, ನಾನು ಕೋಚ್ ಅಲ್ಲ. ಐಸ್ ಮೇಲೆ ನಿಲ್ಲೋಕೂ ಬರಲ್ಲ. ಅವತ್ತು ನಿಂತಿದ್ದು ರಬ್ಬರ್ ಚಾಪೆ ಮೇಲೆ. ಆ ಮಕ್ಕಳಿಗೆ ಕಲಿಸಿದ್ದೆಲ್ಲ ನನ್ನ ಮಗಳು ಇಂಚರಾ. ಜಾಕೆಟ್ಟೂ ಅವಳದೇ.’ ಅಷ್ಟಕ್ಕೇ ಮಾತು ಮುಗಿಸಿದೆ. ನಾನು!

ಗ್ಲೆನಿಸ್ ಕೇಳಿದರು, ‘ಅವತ್ತೇ ಯಾಕೆ ಹೇಳಲಿಲ್ಲ?’

‘ಅವಳು ನಮ್ಮವಳು, ಮೇಡಂ. ನಮ್ಮವರಿಗೆ ಥ್ಯಾಂಕ್ಸ್ ಹೇಳಿ ನಮಗೆ ಅಭ್ಯಾಸ ಇಲ್ಲ.’

‘ಇದೆಂಥ ಅಭ್ಯಾಸ?’ ಎಂದರು ಅವರು. ‘ನೋಡಿ, ಆ ಹುಡುಗಿ ಕಲಿಸೋದನ್ನ ನೋಡದೆ ಸೀಟು ಕೊಡಲಾರೆ. ಭಾನುವಾರ ಇನ್ನೊಮ್ಮೆ ಬರ್ತೀನಿ. ಆ ಮಕ್ಕಳು ಆಗಲೇ ಕಲಿತವರು. ಏನೂ ಬರದ, ದೇಹ ಬಗ್ಗದ, ಹೇಳಿದ ಮಾತು ಕೇಳದ ಒಬ್ಬರನ್ನ ಕರೆತನ್ನಿ. ಅವರನ್ನ ಅವಳು ಹೇಗೆ ನಿಲ್ಲಿಸ್ತಾಳೆ ನೋಡೋಣ. ಅಂಥವರು ಯಾರಾದ್ರೂ ಗೊತ್ತಾ?’

ಕೆಳಗೆ ಅಡುಗೆಮನೆಯಲ್ಲಿ ಮಾಳವಿಕಾ ನಕ್ಕ ನಗು ಪಕ್ಕದ ಮನೆಗೂ ಕೇಳಿಸಿರಬೇಕು. ಬಾಗಿಲ ಬಳಿ ಇಂಚರಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಭಾನುವಾರ ಹೋದೆವು. ಈ ಸಲ ಮೈಕಿಲ್ಲ, ಮೇಜಿಲ್ಲ. ವೀರಣ್ಣನವರನ್ನು ಕೆಫೆಯಲ್ಲೇ ಕೂರಿಸಿದ್ದೆ. ಇಂಚರಾ ನನ್ನ ಮುಂದೆ ಮಂಡಿಯೂರಿ ಸ್ಕೇಟಿನ ಲೇಸು ಬಿಗಿದಳು. ಮಕ್ಕಳನ್ನು ಒಂದು ಕಡೆ ಎಂಟರ ಆಕಾರದಲ್ಲಿ ಸುತ್ತಲು ಬಿಟ್ಟು, ನನ್ನ ಎರಡೂ ಕೈ ಹಿಡಿದು ತಾನು ಹಿಮ್ಮುಖವಾಗಿ ಜಾರುತ್ತ ನನ್ನನ್ನು ಎಳೆದುಕೊಂಡು ಹೊರಟಳು. ನನ್ನ ಕಾಲುಗಳು ಒಂದೊಂದು ಒಂದೊಂದು ದಿಕ್ಕಿಗೆ. ದೇವರೇ, ಎಂದೆ. ರಾಯರೇ, ಎಂದೆ.

‘ಅಪ್ಪಾ, ಮಾತು ಬೇಡ. ಮಂಡಿ ಬಗ್ಸಿ. ಕೆಳಗೆ ನೋಡ್ಬೇಡಿ, ನನ್ನ ಕಡೆ ನೋಡಿ.’

ಬೇರೆ ದಾರಿ ಇರಲಿಲ್ಲ, ನೋಡಿದೆ. ಮೂಗಿನ ತುದಿ ಕೆಂಪಾಗಿತ್ತು. ನನ್ನನ್ನು ಎಳೆಯುತ್ತಲೇ, ಹಿಂದಿನ ಮಗುವಿಗೆ ತೋಳು ಅಗಲಿಸು ಅನ್ನುತ್ತಿದ್ದಳು, ಎಡಗಡೆ ಅಳುತ್ತಿದ್ದ ಹುಡುಗಿಯನ್ನು ಹೆಸರು ಹಿಡಿದು ಕರೆದು ನಗಿಸಿದಳು, ಬಿದ್ದವನೊಬ್ಬ ಎದ್ದನೋ ಇಲ್ಲವೋ ಎಂದು ತಿರುಗದೆಯೇ ತಿಳಿದುಕೊಂಡಳು. ದನಿ ಏರಿಸಲಿಲ್ಲ. ಎಲ್ಲ ಮಕ್ಕಳೂ ಅವಳ ಮಾತು ಕೇಳುತ್ತಿದ್ದವು. ನನ್ನ ಕಾರ್ಖಾನೆಯಲ್ಲಿ ಇಂಥ ಒಬ್ಬ ಸೂಪರ್‌ವೈಸರ್ ಇಲ್ಲ, ನನ್ನನ್ನೂ ಸೇರಿಸಿಕೊಂಡು. ಇಷ್ಟು ವರ್ಷ ಕೆಫೆಯ ಗಾಜಿನಾಚೆ ಕೂತು ನಾನು ನೋಡಿದ್ದಾದರೂ ಏನನ್ನು?

ಅರ್ಧ ಸುತ್ತು ಬೀಳದೆಯೇ ಮುಂದೆ ಸಾಗಿದೆ. ಆಮೇಲೆ ಧೊಪ್ಪೆಂದು ಅಂಗಾತ ಬಿದ್ದೆ. ಮಕ್ಕಳೆಲ್ಲ ಸುತ್ತ ಬಂದು ಬಗ್ಗಿ ನೋಡಿದವು. ಗ್ಲೆನಿಸ್ ಕಟಾಂಜನದ ಆಚೆಯಿಂದ ‘ಪೆಟ್ಟಾಯಿತಾ?’ ಎಂದು ಕೂಗಿದರು.

‘ಇವಳು ನನ್ನ ಮಗಳು!’ ಎಂದು ಮಲಗಿದಲ್ಲಿಂದಲೇ ಕಿರುಚಿದೆ. ‘ಇಂಚರಾ! ನನ್ನ ಮಗಳು! ಕಲಿಸಿದ್ದೆಲ್ಲ ಇವಳೇ!’ ಇಡೀ ರಿಂಕಿಗೆ ಕೇಳಿಸಿತು, ಮೈಕಿಲ್ಲದೆ.

‘ಗೊತ್ತಾಯಿತು, ನೋಡಿದೆ,’ ಎಂದರು ಗ್ಲೆನಿಸ್ ನಗುತ್ತ. ‘ಸೀಟು ಅವಳದೇ.’

ಬೆನ್ನಿನ ಕೆಳಗೆ ಐಸು ಕೊರೆಯುತ್ತಿತ್ತು, ಕಣ್ಣು ತುಂಬಿ ಬಂದಿತ್ತು. ಚಟ ಬಿಡಬೇಕಲ್ಲ! ಗಂಟಲು ಸರಿಮಾಡಿಕೊಂಡು, ‘ಈ ಶುಭ ಸಂದರ್ಭದಲ್ಲಿ...’ ಎಂದು ಶುರು ಮಾಡಿದೆ.

ಇಂಚರಾ ಕೈ ಚಾಚಿದಳು. ‘ಮೊದ್ಲು ಎದ್ದೇಳಿ ಅಪ್ಪಾ. ಮಕ್ಕಳು ಕಾಯ್ತಿದಾರೆ.’