ಗುರಮ್ಮನ ಕೈಯಲ್ಲಿದ್ದ ಕಲ್ಲು

ಎತ್ತಿಗೆ ಕಿವಿ ಇದೆ, ಟ್ರ್ಯಾಕ್ಟರಿಗೆ ಇಲ್ಲ. ಇಷ್ಟು ಸಣ್ಣ ಮಾತು ಒಬ್ಬ ಮನುಷ್ಯನ ತಲೆಗೆ ಹೋಗಲು ಎಷ್ಟು ದಿನ ಬೇಕು ಅಂತೀರಿ? ಸಿಂದಗಿ ಕಡೆಯ ಹಣಮಂತ್ರಾಯನಿಗೆ ಮೂರು ವರ್ಷ ಬೇಕಾಯಿತು. ಹೆಂಡತಿಯ ಮೂರು ಬೆರಳೂ ಬೇಕಾದವು.

ಊರಲ್ಲಿ ಅವನು ಗೌಡರ ಬಂಡಿ ಹೊಡೆಯುತ್ತಿದ್ದವನು. ಬಾರುಕೋಲು ಕೈಯಲ್ಲಿದ್ದರೂ ಎತ್ತಿನ ಮೈಗೆ ಸೋಕಿಸಿದವನಲ್ಲ. ನಾಲಿಗೆಯಲ್ಲೇ ಕೆಲಸ ಮುಗಿಸುತ್ತಿದ್ದ. ‘ಹೋ’ ಅಂದರೆ ಸಾಕು, ಏರಿನ ನಟ್ಟನಡುವೆಯೂ ಎತ್ತುಗಳು ಹೆಗಲು ಕೊಟ್ಟು ನಿಲ್ಲುತ್ತಿದ್ದವು. ಅವು ನಿಂತ ಅಷ್ಟರಲ್ಲಿ, ಬಂಡಿಯ ಹಿಂದೆ ನಡೆದು ಬರುತ್ತಿದ್ದ ಗುರಮ್ಮ ಗಾಲಿಯ ಕೆಳಗೆ ಒಂದು ಕಲ್ಲು ಕೊಡುತ್ತಿದ್ದಳು. ದಪ್ ಅಂತ ಸಪ್ಪಳ ಬಂದರೆ ಇವನು ಕೆಳಗೆ ಜಿಗಿಯುತ್ತಿದ್ದ. ಗಂಡ ಮುಂದೆ, ಕಲ್ಲು ಹಿಡಿದ ಹೆಂಡತಿ ಹಿಂದೆ. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಆಮೇಲೆ ಗೌಡರು ಎತ್ತು ಮಾರಿ ಟ್ರ್ಯಾಕ್ಟರ್ ತಂದರು. ಅದರ ಸೀಟಿಗೆ ಅಳಿಯನನ್ನು ಕೂರಿಸಿದರು. ಗಂಡಹೆಂಡಿರು ಸೊಲ್ಲಾಪುರದಲ್ಲಿ ರೈಲು ಹತ್ತಿ ಬಂದು ಠಾಣೆ ಪಟ್ಟಣದ ಹತ್ತಿರದ ರಬಾಳೆಯಲ್ಲಿ ತಗಡಿನ ಗುಡಿಸಲು ಹಾಕಿಕೊಂಡರು. ಅದು ತೊಂಬತ್ತೆರಡನೇ ಇಸವಿ. ಮಹಾಪೆಯ ಗುಡ್ಡ ಕಡಿದು ಕಾರ್ಖಾನೆಗೆ ಜಾಗ ಮಾಡುತ್ತಿದ್ದ ಕಾಲ. ಅಲ್ಲಿಯ ಸೈಟಿನ ಸೂಪರ್‌ವೈಸರ್ ಮುರಾರಿ ಉಡುಪಿಯವನು. ಕನ್ನಡದ ದನಿ ಕೇಳಿ ಖುಷಿಯಾಗಿ ಹಣಮಂತ್ರಾಯನನ್ನು ಹತ್ತಿರ ಕರೆದ. ಯಾವ ಟ್ರ್ಯಾಕ್ಟರು ಊರಲ್ಲಿ ಅವನ ಅನ್ನ ಕಿತ್ತುಕೊಂಡಿತ್ತೋ, ಅದರದೇ ಕುಲದ್ದು ಇಲ್ಲಿ ಅನ್ನ ಕೊಟ್ಟಿತು.

ಅದು ಸಣ್ಣ ಟ್ರ್ಯಾಕ್ಟರು. ದೊಡ್ಡದರ ಪಕ್ಕ ನಿಂತರೆ ಹಸುವಿನ ಮಗ್ಗುಲಲ್ಲಿ ಕರು ನಿಂತ ಹಾಗೆ. ಹಿಂದೊಂದು ಟ್ರಾಲಿ, ಅದರ ತುಂಬ ಇಟ್ಟಿಗೆ. ಮುರಾರಿ ನಾಲ್ಕು ದಿನ ಪಾಠ ಹೇಳಿದ.

“ನೋಡು ಮಾರಾಯಾ, ಈ ಎರಡು ಬ್ರೇಕಿಗೆ ನಡುವೆ ಕೊಂಡಿ ಉಂಟು. ರಸ್ತೆಗೆ ಇಳಿಯುವಾಗ ಅದು ಹಾಕಿರ್ಬೇಕು, ಇಲ್ಲಾಂದ್ರೆ ಒಂದೇ ಚಕ್ರ ಹಿಡಿದು ಗಾಡಿ ತಿರುಗಿ ಬೀಳ್ತದೆ. ಇಳಿಜಾರಲ್ಲಿ ಕ್ಲಚ್ ಒತ್ತಿ ಬಿಡ್ಲಿಕ್ಕಿಲ್ಲ, ಸಣ್ಣ ಗೇರಲ್ಲೇ ಇಳಿಸು. ಮಡ್‌ಗಾರ್ಡ್ ಮೇಲೆ ದೇವರೇ ಬಂದು ಕೂತ್ರೂ ಕೆಳಗಿಳಿಸು. ನೀನು ಇಳಿಯುವ ಮೊದಲು ಇಂಜಿನ್ ಬಂದ್, ಗೇರಲ್ಲಿ ಬಿಡು, ಹ್ಯಾಂಡ್‌ಬ್ರೇಕ್ ಎಳಿ, ಕೀ ಕಿಸೆಗೆ. ಅರ್ಥ ಆಯ್ತಾ?”

“ಆತ್ರಿ ಸಾಹೇಬ್ರ. ಇಷ್ಟೆಲ್ಲಾ ಎತ್ತಿಗಿ ಹೇಳಿದ್ದರ ಅದು ನಕ್ಕೋತ ನಿಂದರತಿತ್ತು.”

ನಕ್ಕರೂ ಹಣಮಂತ್ರಾಯ ಮಾತು ಪಾಲಿಸಿದ. ಕಾಲು ನೋಯುತ್ತದೆ ಅಂತ ಮಡ್‌ಗಾರ್ಡ್ ಏರಲು ಬಂದ ಹೆಂಗಸರನ್ನು ಗದರಿಸಿ ಇಳಿಸುತ್ತಿದ್ದ. “ಭಾಳ ಮಡಿವಂತ ಬಂದಾನ ನೋಡ್ರೆ!” ಅಂತ ಅವರು ಬೈದುಕೊಂಡು ನಡೆಯುತ್ತಿದ್ದರು. ಪಾಲಿಸದೆ ಉಳಿದದ್ದು ಕೊನೆಯದೊಂದೇ, ಇಳಿಯುವ ಮೊದಲು ಮಾಡಬೇಕಾದದ್ದು. ಏರಿನ ನಡುವೆ, ಗಾರೆಯವರ ಅಟ್ಟಣಿಗೆಯ ಹತ್ತಿರ ನಿಲ್ಲಿಸಿ ಇಟ್ಟಿಗೆ ಇಳಿಸಬೇಕು. ಬ್ಯಾಟರಿ ಸೋತಿದ್ದರಿಂದ ಇಂಜಿನ್ ಬಂದ್ ಮಾಡಿದರೆ ಮತ್ತೆ ಚಾಲೂ ಆಗಲು ಹಟ ಮಾಡುತ್ತಿತ್ತು. ಹಾಗಾಗಿ ಗೇರು ತೆಗೆದು, ಕಾಲಲ್ಲಿ ಬ್ರೇಕ್ ಒತ್ತಿ ‘ಹೋ’ ಅನ್ನುತ್ತಿದ್ದ. ಹಿಂದಿನಿಂದ ದಪ್ ಅನ್ನುತ್ತಿತ್ತು. ಇಳಿಯುತ್ತಿದ್ದ. ಹೌದು, ಗುರಮ್ಮ ಅಲ್ಲೂ ಕಲ್ಲು ಹಿಡಿದು ಬರುತ್ತಿದ್ದಳು.

ಕಲ್ಲು ಗಾಡಿ ಹಿಡಿಯುತ್ತಿದ್ದ ಮೇಲೆ ಹ್ಯಾಂಡ್‌ಬ್ರೇಕ್ ಯಾರಿಗೆ ಬೇಕು? ಅದು ಯಾವಾಗ ಸಡಿಲವಾಯಿತೋ ಗೊತ್ತಾಗಲಿಲ್ಲ. ಗೊತ್ತಾದಾಗ ಹಣಮಂತ್ರಾಯ ಹೇಳಲಿಲ್ಲ. ಹೇಳಿದರೆ ಗಾಡಿ ಗ್ಯಾರೇಜಿಗೆ ಹೋಗುತ್ತದೆ. ಅದು ತಿರುಗಿ ಬರುವಾಗ ಸೀಟಿನ ಮೇಲೆ ಬೇರೆ ಯಾರೋ ಕೂತಿರುತ್ತಾರೆ. ಒಮ್ಮೆ ಹಾಗೆ ಆದದ್ದನ್ನು ಅವನು ಊರಲ್ಲೇ ಕಂಡಿದ್ದ.

ತೊಂಬತ್ತೈದರ ಅಕ್ಟೋಬರ್. ಹಿಂಗಾರಿನ ಒಂದು ಮಳೆ ಬಿದ್ದು ಮುರುಮು ಮಣ್ಣಿನ ನೆಲ ಜಾರುತ್ತಿತ್ತು. ಹಣಮಂತ್ರಾಯ ‘ಹೋ’ ಅಂದ. ಅವತ್ತು ದಪ್ ಅನ್ನುವ ಮೊದಲೇ ಅವನ ಕಾಲು ಬ್ರೇಕಿನಿಂದ ಎದ್ದಿತ್ತು. ಎತ್ತುಗಳಾಗಿದ್ದರೆ ಗೊರಸು ಊರಿ ನಿಲ್ಲುತ್ತಿದ್ದವು. ಗಾಲಿ ಒಂದು ಗೇಣು ಹಿಂದೆ ಬಂತು. ಒಂದೇ ಗೇಣು. ಕಲ್ಲಿನ ಮೇಲೆ ಗುರಮ್ಮನ ಬಲಗೈ ಇತ್ತು.

ಠಾಣೆ ಪಟ್ಟಣದ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಮುರಾರಿ ನೋಡಲು ಬಂದವನು ಮಂಚದ ಪಕ್ಕ ನಿಂತು, “ಎಂತ ಆದದ್ದು? ಬ್ರೇಕ್ ಸರಿ ಇತ್ತಲ್ವಾ?” ಅಂದ.

ಹಣಮಂತ್ರಾಯ ಬಾಯಿ ತೆರೆಯುವುದರೊಳಗೆ ಗುರಮ್ಮ ಅಂದಳು: “ಬ್ರೇಕ್ ಛಲೋ ಐತ್ರಿ. ನಾನ ಕೈ ಲಗೂನ ತಗೀಲಿಲ್ಲ. ನನ್ನ ಖಬರಗೇಡಿತನ.”



ಹನ್ನೆರಡು ದಿನ ಹಣಮಂತ್ರಾಯ ಆ ಸುಳ್ಳನ್ನು ತಿದ್ದಲಿಲ್ಲ. ಮನೆಯಲ್ಲಿ ಗುರಮ್ಮನ ಜಡೆ ತಾನೇ ಹೆಣೆದ. ರೊಟ್ಟಿ ತಾನೇ ಬಡಿದ. ಅದು ರೊಟ್ಟಿಯಂತೂ ಆಗಲಿಲ್ಲ. “ಇದೇನು, ಸಿಂದಗಿ ತಾಲೂಕಿನ ನಕಾಶೆ?” ಅಂತ ಅವಳು ನಕ್ಕಳು. ಅವಳು ನಕ್ಕರೆ ಇವನು ತನ್ನ ಪಾಲಿನ ರೊಟ್ಟಿಯನ್ನೂ ಅವಳ ತಟ್ಟೆಗೆ ಹಾಕಿ ಏಳುತ್ತಿದ್ದ. ಏರಿನ ಮೇಲೆ ಅಷ್ಟು ದಿನ ಅವನು ಗಾಡಿ ನಿಲ್ಲಿಸಲೇ ಇಲ್ಲ. ಏನೋ ನೆಪ ಹೇಳಿ ಬುಡದಲ್ಲೇ ಇಟ್ಟಿಗೆ ಸುರಿದು ಬರುತ್ತಿದ್ದ.

ಹದಿಮೂರನೆಯ ದಿನ ಮುರಾರಿ ಅಂದ: “ಬುಡದಲ್ಲಿ ಸುರಿದ್ರೆ ಹೊರುವವರು ಯಾರು ಮಾರಾಯಾ? ಇವತ್ತಿಂದ ವಿನೋದಾ ಕಲ್ಲು ಹಿಡೀತಾಳೆ. ನೀನು ಮೇಲೆ ಹೋಗು.”

ವಿನೋದಾ ಕಲಬುರಗಿ ಕಡೆಯ ಹುಡುಗಿ. ಮದುವೆಯಾಗಿ ಆರು ತಿಂಗಳು. ಕೈತುಂಬ ಹಸಿರು ಬಳೆ. ಅದೇ ಕಲ್ಲನ್ನು ಎತ್ತಿ ಸೊಂಟಕ್ಕೆ ಒತ್ತಿಕೊಂಡು, “ನಡೀರಿ ಕಾಕಾ, ಕುಂಬಳಕಾಯಿ ಹೊತ್ತಂಗ ಹೊರತೀನಿ” ಅಂತ ನಕ್ಕಳು.

ಹಣಮಂತ್ರಾಯ ಗಾಡಿ ಹೊರಡಿಸಿದ. ಹಿಂದೆ ಬಳೆಯ ಸಪ್ಪಳ. ಅಟ್ಟಣಿಗೆ ಹತ್ತಿರ ಬಂತು. ನಿಲ್ಲಿಸಬೇಕು, ‘ಹೋ’ ಅನ್ನಬೇಕು. ನಾಲಿಗೆ ಏಳಲಿಲ್ಲ. ಅಟ್ಟಣಿಗೆ ದಾಟಿತು.

“ಅರೇ, ರುಕ್ ರುಕ್!” ಗಾರೆಯವರು ಕೂಗಿದರು. “ಎಲ್ಲಿ ಹೊಂಟ್ರಿ ಕಾಕಾ, ಬದಲಾಪುರಕ್ಕೇನು?” ವಿನೋದಾ ಹಿಂದಿನಿಂದ ಏದುಸಿರು ಬಿಟ್ಟಳು. ಅವನು ಸಣ್ಣ ಗೇರಿನಲ್ಲಿ ಏರಿನ ತುದಿಯ ತನಕ ಹೋಗಿ, ಸಪಾಟು ನೆಲದಲ್ಲಿ ನಿಲ್ಲಿಸಿದ. ಇಂಜಿನ್ ಬಂದ್ ಮಾಡಿದ. ಗೇರಿಗೆ ಹಾಕಿದ. ಕೀ ತೆಗೆದು, ಓಡಿ ಬಂದ ಮುರಾರಿಯ ಅಂಗೈಯಲ್ಲಿ ಇಟ್ಟ.

“ಹುಚ್ಚು ಹಿಡಿದಿದೆಯಾ ನಿಂಗೆ?”

“ಸಾಹೇಬ್ರ, ಆ ಹ್ಯಾಂಡ್‌ಬ್ರೇಕ್ ಒಮ್ಮೆ ಎಳದ ನೋಡ್ರಿ.”

ಮುರಾರಿ ಎಳೆದ. ನೆನೆದ ಹಗ್ಗದ ಹಾಗೆ ಅದು ಎರಡು ಬೆರಳಿಗೇ ಬಂದುಬಿಟ್ಟಿತು. ಅವನ ಮುಖ ಕೆಂಪಾಯಿತು.

“ಯಾವಾಗಿಂದ?”

“ವರ್ಷಾತು. ಗುರಮ್ಮ ಸುಳ್ಳ ಹೇಳಿದಳ್ರಿ. ಆಕಿ ಕೈ ಇನ್ನೂ ಕಲ್ಲಿನ ಮ್ಯಾಗ ಇತ್ತು, ನಾ ಕಾಲ ಎತ್ತಿದೆ.”

ಮುರಾರಿ ಬೈಯಲು ಬಾಯಿ ತೆರೆದ. ವಿನೋದಾ ಕೈಯ ಕಲ್ಲು ಅವನ ಕಣ್ಣಿಗೆ ಬಿತ್ತು. ಮೂರು ವರ್ಷ ದಿನಾ ಆ ಕಲ್ಲನ್ನು ಅವನೂ ನೋಡಿದ್ದ. ಅಂಗೈಯ ಕೀಯನ್ನು ಒಮ್ಮೆ ಹೊರಳಿಸಿ, “ಕಲ್ಲು ಕೆಳಗೆ ಹಾಕು ಹುಡುಗಿ” ಅಂದ, ಅಷ್ಟೇ.

ಗಾಡಿ ಗ್ಯಾರೇಜಿಗೆ ಹೋಯಿತು. ಬರುವಾಗ ಬೀಡ ಜಿಲ್ಲೆಯ ಮರಾಠಿ ಡ್ರೈವರನನ್ನು ಕೂರಿಸಿಕೊಂಡು ಬಂತು. ಸೈಟಿನ ಗುತ್ತಿಗೆ ಹಿಡಿದಿದ್ದ ಠೇಕೇದಾರ ಹಣಮಂತ್ರಾಯನಿಗೆ ಇಟ್ಟಿಗೆ ಹೊರುವ ಬುಟ್ಟಿ ಕೊಟ್ಟ.

ಗುರಮ್ಮನ ಸಿಟ್ಟು ನೋಡಬೇಕಿತ್ತು. “ನನ್ನ ಕೈಯ ಮೂರು ಬಳ್ಳ ಹ್ವಾದ್ವು. ನಿನ್ನ ಸೀಟರ ಉಳೀಲಿ ಅಂತ ದವಾಖಾನ್ಯಾಗ ಮಕ್ಕೊಂಡು ಸುಳ್ಳ ಹೇಳಿದೆ. ಅದನ್ನೂ ಕಳಕೊಂಡ ಬಂದಿ?”

“ವಿನೋದಾಗೂ ಹತ್ತ ಬಳ್ಳ ಅದಾವು, ಗುರವ್ವ.”

ಅವಳು ತಗಡಿನ ಕಡೆ ಮುಖ ತಿರುಗಿಸಿ ಕೂತಳು. ಎಂಟು ದಿನ ಮಾತಿಲ್ಲ. ಒಂಬತ್ತನೆಯ ದಿನ ಅವನು ರೊಟ್ಟಿ ಬಡಿಯುವಾಗ ಪಕ್ಕಕ್ಕೆ ಬಂದು ಎಡಗೈಯಿಂದ ಹರಿದ ಅಂಚು ಕೂಡಿಸಿದಳು. 

ಆ ಏರಿನಲ್ಲಿ ಅವನು ಇನ್ನೂ ಎರಡು ವರ್ಷ ಇಟ್ಟಿಗೆ ಹೊತ್ತ. ಟ್ರ್ಯಾಕ್ಟರ್ ಏರಿನ ನಡುವೆ ನಿಂತಾಗಲೆಲ್ಲ ಅವನೂ ತಲೆಯ ಮೇಲೆ ಹೊರೆ ಇದ್ದಂತೆಯೇ ನಿಂತುಬಿಡುತ್ತಿದ್ದ. ಹಿಂದೆ ಸಾಲಿನಲ್ಲಿದ್ದ ವಿನೋದಾ, “ಏ ಕಾಕಾ, ನೀವೇನು ಎತ್ತೇನ್ರಿ? ನಿಂತೇ ಬಿಟ್ರಲ್ಲ!” ಅಂತ ಕಾಡುತ್ತಿದ್ದಳು.  ಅವನ ಕಿವಿ ಗಾಡಿಯ ಕಡೆ ಇರುತ್ತಿತ್ತು. ಇಂಜಿನ್ ಆರಬೇಕು. ಆಮೇಲೆ ಹ್ಯಾಂಡ್‌ಬ್ರೇಕಿನ ಹಲ್ಲು ಕಟಕಟಕಟ ಅಂತ ಕಚ್ಚಬೇಕು. ಕಚ್ಚಿದ ಮೇಲೆಯೇ ಅವನ ಕಾಲು ಮುಂದೆ ಸಾಗುತ್ತಿತ್ತು.