ರೊಸಾಲ್ಬಾ ಬಿಟ್ಟ ಹೆಸರು

ರೊಸಾಲ್ಬಾಳ ಮನೆತನದ ಹೆಸರು ಪೋರ್ಕು. ಪೋರ್ಕು ಎಂದರೆ ಹಂದಿ. ಇಟಲಿಯ ಸಾರ್ಡೀನಿಯಾ ದ್ವೀಪದ ಅವಳ ಬೆಟ್ಟದೂರಿನಲ್ಲಿ ಅದು ನಗುವ ವಿಷಯವೇ ಅಲ್ಲ. ಅಲ್ಲಿ ಪಾದ್ರಿಯೂ ಪೋರ್ಕು, ಔಷಧದಂಗಡಿಯವನೂ ಪೋರ್ಕು. ಅಪ್ಪ ಬಾಕೀಸಿಯೊ ಓಕ್ ಮರಗಳ ಕೆಳಗೆ ಹಂದಿ ಮೇಯಿಸಿಯೇ ಅವಳನ್ನು ಓದಿಸಿದ್ದ. "ನಮ್ಮ ಮುತ್ತಜ್ಜನ ಹಂದಿಗಳು ಬೆಟ್ಟದ ತುಂಬ ಇದ್ವಂತೆ, ಅದಕ್ಕೇ ಈ ಹೆಸರು," ಎಂದು ಜಂಬ ಕೊಚ್ಚುತ್ತಿದ್ದ.

ದೂರದ ಟೂರಿನ್ ನಗರದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದ ಮೇಲೆ ಮಾತು ಬೇರೆಯಾಯಿತು. ಅವಳು ಹಾಜರಿ ಪುಸ್ತಕ ತೆರೆದರೆ ಸಾಕು, ಹಿಂದಿನ ಬೆಂಚಿನಿಂದ ಹಂದಿಯಂತೆ ಗುರ್ ಗುರ್ ಸದ್ದು. ಆರು ವರ್ಷ ಸಹಿಸಿದಳು. ಕೊನೆಗೆ, ತಾಯಿಯ ಕಡೆಯ ಮೆಲಿಸ್ ಎಂಬ ಹೆಸರು ತನಗೆ ಬೇಕೆಂದು ಸರಕಾರಕ್ಕೆ ಅರ್ಜಿ ಹಾಕಿದಳು. ಮೆಲಿಸ್ ಎಂದರೆ ಜೇನು ಅಂತ ಊರವರು ಹೇಳುತ್ತಾರೆ. ಕಾರಣ ಕೇಳಿದ ಕಡೆ 'ನಾಚಿಕೆ ತರುವ ಹೆಸರು' ಎಂದು ಬರೆದಳು. ಅಪ್ಪನಿಗೆ ಹೇಳಲಿಲ್ಲ.

ಹೆಸರು ಬದಲಾಯಿತು. ಈಸ್ಟರಿಗೆ ಊರಿಗೆ ಬಂದವಳು ಹೊಸ ಕಾಗದಪತ್ರಕ್ಕೆ ಪುರಸಭೆಗೆ ಹೋದಾಗ ಗುಮಾಸ್ತೆ ಜೆಸುಯಿನಾ ಕನ್ನಡಕದ ಮೇಲಿಂದ ನೋಡಿದಳು.

"ನೀನು ಹುಟ್ಟಿದೂರು ಅಂತ ನಿನ್ನ ಅರ್ಜೀನ ಇಲ್ಲಿ ಹೊರಗಿನ ಹಲಗೆ ಮೇಲೆ ಮೂವತ್ತು ದಿನ ಹಾಕಿದ್ವಲ್ಲ, ಗೊತ್ತಾ? ತಕರಾರು ಇದ್ದೋರು ಬಂದು ಹೇಳ್ಲಿ ಅಂತ."

"ಅಪ್ಪ ನೋಡಿದ್ನಾ?"

"ನೋಡ್ದ. ಜಗಳಕ್ಕೇ ಬಂದ ಅಂದ್ಕೊಂಡೆ. 'ಇದರ ಮೇಲೆ ನಲ್ಲಿ ನೀರಿನ ನೋಟೀಸು ಅಂಟಿಸಿದೀಯಲ್ಲ ಮಾರಾಯ್ತಿ, ಮುಚ್ಚಿಹೋದ್ರೆ ಮಗಳ ಕೆಲಸ ಕೆಟ್ಟೀತು' ಅಂದ. ತಾನೇ ನಿನ್ನ ಅರ್ಜೀನ ಕಿತ್ತು ಮೇಲಕ್ಕೆ ಹಾಕಿ ಹೋದ."

ಅವಳು ನೇರ ಹಂದಿಗೂಡಿನ ಹತ್ತಿರ ಹೋದಳು. ಬಾಕೀಸಿಯೊ ಬೇಲಿಗೆ ತಂತಿ ಬಿಗಿಯುತ್ತಿದ್ದ.

"ಅಪ್ಪಾ, ನೀನು ಬೇಡ ಅಂದಿದ್ರೆ ನಿಲ್ಲಿಸಿಬಿಡ್ತಿದ್ದೆ."

"ಗೊತ್ತು. ಅದಕ್ಕೇ ಅನ್ಲಿಲ್ಲ."

"ಆ ನಾಚಿಕೆ ಅನ್ನೋ ಮಾತು..."

"ಎರಡು ಸಲ ಓದ್ದೆ. ನನಗೆ ಸರಿಯಾಗಿ ಓದೋಕೆ ಬರ್ಲಿಲ್ವೇನೋ ಅಂತ." ತಂತಿಯ ತುದಿ ಮುರಿದ. "ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ? ನಡಿ."

ಕ್ಷಮಿಸು ಎನ್ನಲು ಬಾಯಿ ತೆರೆದಳು. ಅವನಾಗಲೇ ಮನೆಯತ್ತ ಹೆಜ್ಜೆ ಹಾಕಿದ್ದ. ಆಮೇಲೆ ಆ ಮಾತನ್ನು ಆಡಲು ಅವಳಿಗೆ ಆಗಲೇ ಇಲ್ಲ.

ಮೂರು ವರ್ಷಕ್ಕೆ ಬಾಕೀಸಿಯೊ ತೀರಿಕೊಂಡ. ಊರಿನ ಗೋಡೆಗಳ ಮೇಲೆ ಸಾವಿನ ಪತ್ರ ಅಂಟಿಸಿದರು: ಬಾಕೀಸಿಯೊ ಪೋರ್ಕು, ದುಃಖದಲ್ಲಿರುವವರು, ರೊಸಾಲ್ಬಾ ಮೆಲಿಸ್. ಮಣ್ಣಿಗೆ ಬಂದಿದ್ದ ಪಕ್ಕದೂರಿನ ಮುದುಕನೊಬ್ಬ ಅವಳ ಕೈಹಿಡಿದು, "ನೀನು ಅವನಿಗೆ ಏನಾಗ್ಬೇಕಮ್ಮಾ?" ಎಂದು ಕೇಳಿದ.

"ಮಗಳು," ಎಂದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.