ಅತ್ತೆಯ ಹರಳೆಣ್ಣೆ, ಅಪ್ಪನ ಕಚಗುಳಿ

ಮೂರು ವರ್ಷದ ಹಿಂದಿನ ಮಾತು. ನನ್ನ ಮಗಳಿಗೆ ಕಿವಿ ಚುಚ್ಚಿಸಿದ ವರ್ಷ. ಜಗಳೂರಿನ ನಮ್ಮ ಮನೆಯಲ್ಲಿ ನೆಂಟರಿಗೆಲ್ಲ ಹೋಳಿಗೆ ಊಟ ಇಟ್ಟುಕೊಂಡಿದ್ದೆವು. ನನ್ನ ತವರು ನ್ಯಾಮತಿ ತಾಲ್ಲೂಕಿನ ಗೋವಿನಕೋವಿ. ಅಲ್ಲಿಂದ ಅಪ್ಪ ಹೊನ್ನಾಳಿಗೆ ಬಂದು, ದಾವಣಗೆರೆ ಬಸ್ ಹತ್ತಿ, ಅಲ್ಲಿ ಮತ್ತೆ ಬಸ್ ಬದಲಿಸಿ, ಮೊಮ್ಮಗಳಿಗೆ ಓಲೆ ಹಿಡಿದುಕೊಂಡು ಹಿಂದಿನ ದಿನವೇ ಬಂದಿದ್ದ.

ಅಪ್ಪನ ಬಗ್ಗೆ ಮೊದಲೇ ಹೇಳಿಬಿಡಬೇಕು. ಬಹಳ ವರ್ಷ ಲಾರಿ ಓಡಿಸಿದವನು. ಸಣಕಲು ಮನುಷ್ಯ, ಬಾಯಲ್ಲಿ ಬೀಡಿ ಇಲ್ಲದೆ ನೋಡಿದವರೇ ಇಲ್ಲ. ಆದರೆ ನಕ್ಕರೆ ಬೀದಿಯ ಆ ತುದಿಗೆ ಕೇಳಬೇಕು. ಅದರ ಮೇಲೆ ವಿಪರೀತ ಕಚಗುಳಿ. ದರ್ಜಿ ಟೇಪ್ ಹಿಡಿದು ಹತ್ತಿರ ಬಂದರೆ ಸಾಕು, ಮೈಯೆಲ್ಲ ಮುದುಡಿಕೊಂಡು ಕುಣಿಯುತ್ತಾನೆ. ಹಾಗಾಗಿ ಅಳತೆಗೆ ಹಳೇ ಅಂಗಿ ಕೊಟ್ಟೇ ಹೊಸ ಅಂಗಿ ಹೊಲಿಸುವುದು. ಗಂಡನ ಮನೆಯಲ್ಲಿ ಆ ನಗು ಎದ್ದಿತೆಂದರೆ ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸುತ್ತಿತ್ತು. ಬಂದಾಗಲೆಲ್ಲ ಬಾಗಿಲಲ್ಲೇ ಕಿವಿಯಲ್ಲಿ ಹೇಳುತ್ತಿದ್ದೆ, "ಅಪ್ಪ, ಇಲ್ಲಿ ಸ್ವಲ್ಪ ಮೆಲ್ಲಗೆ ನಗು."

ಊಟವಾದ ಮೇಲೆ ಅಪ್ಪ ಪಡಸಾಲೆಯಲ್ಲಿ ಜಮಖಾನದ ಮೇಲೆ ಅಂಗಾತ ಮಲಗಿದ. ಫೋನನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಯಾವುದೋ ಹಳೇ ನಾಟಕದ ಹಾಡು ಹಾಕಿದ್ದ. ಎಲೆ ಅಡಿಕೆ ತಟ್ಟೆ ಕೊಡೋಕೆ ಹೋದವಳು ನೋಡುತ್ತೇನೆ, ಫೋನು ಕುಣಿಯುತ್ತಿದೆ! ಟಕ್ ಟಕ್ ಟಕ್ ಅಂತ ಒಂದೇ ಸಮ ಮೇಲೆ ಕೆಳಗೆ. ಹಾಡಿಗೇ ಹಾಗಾಗುತ್ತಿದೆಯೇನೋ ಅಂದುಕೊಂಡೆ. ಹಾಡು ನಿಂತ ಮೇಲೂ ಕುಣಿತ ನಿಲ್ಲಲಿಲ್ಲ.

"ಏನಪ್ಪ ಇದು?" ಅಂದೆ.

"ಬ್ಯಾಸಿಗೆಯಿಂದ ಹಿಂಗೇ ಹೊಕ್ಕುಳ ಹತ್ರ ಬಡ್ಕೊಂತೈತೆ ಕಣವ್ವ. ಬೆನ್ನೂ ಒಂಚೂರು ಹಿಡ್ಕೊಂತೈತೆ. ವಯಸ್ಸಾತಲ್ಲ, ಇರ್ತೈತೆ ಬಿಡು," ಅಂದ.

ಇದು ಅತ್ತೆಯ ಕಿವಿಗೆ ಬಿತ್ತು. ನಮ್ಮ ಅತ್ತೆ ಗಂಗಮ್ಮ ಬಟ್ಟಿ ಕೂರಿಸುವುದರಲ್ಲಿ ನಮ್ಮ ಕಡೆಗೆಲ್ಲ ಹೆಸರಾದವರು. ಬಟ್ಟಿ ಅಂದರೆ ಗೊತ್ತಲ್ಲ, ಹೊಕ್ಕುಳಿನ ನಡುವೆ ಬೆರಳಿಟ್ಟರೆ ಸಿಗುವ ಬಡಿತ. ಭಾರ ಎತ್ತಿದಾಗ ಅದು ಜಾಗ ಬಿಟ್ಟು ಸರಿಯುತ್ತದೆ, ಅದಕ್ಕೇ ಹೊಟ್ಟೆನೋವು ಬರುತ್ತದೆ ಅನ್ನುವುದು ನಂಬಿಕೆ. ಗುರುವಾರ ಬೆಳಗಾದರೆ ನಮ್ಮ ಕಟ್ಟೆಯ ಮೇಲೆ ಜನ ಹೊಟ್ಟೆ ಹಿಡಿದುಕೊಂಡು ಕೂತಿರುತ್ತಾರೆ. ಅತ್ತೆ ಹರಳೆಣ್ಣೆ ಹಚ್ಚಿ, ಹೆಬ್ಬೆರಳು ಊರಿ, ಬಡಿತವನ್ನು ಹುಡುಕಿ, ಒತ್ತಿ ಎಳೆದು ಹೊಕ್ಕುಳಿಗೆ ತಂದು ಕೂರಿಸುತ್ತಾರೆ. ಒಂದು ಪೈಸೆ ಮುಟ್ಟುವುದಿಲ್ಲ.

ಅತ್ತೆ ದೂರದಿಂದಲೇ ಫೋನನ್ನು ನೋಡಿ ತೀರ್ಮಾನ ಕೊಟ್ಟರು. "ಬೀಗ್ರೇ, ಬಟ್ಟಿ ಸರಿದೈತೆ. ಎಡಕ್ಕೆ ಹೋಗೇತೆ. ಇವತ್ತು ಉಂಡೀರಿ, ಆಗಲ್ಲ. ನಾಳೆ ಬರಿಹೊಟ್ಟೆಯಾಗೆ ಕೂರಿಸ್ತೀನಿ."

ಅಪ್ಪನ ಮುಖ ನೋಡಬೇಕಿತ್ತು! ಮಗಳನ್ನು ಕೊಟ್ಟ ಮನೆಯಲ್ಲಿ ಬೀಗ್ತಿಯ ಮುಂದೆ ಅಂಗಿ ಬಿಚ್ಚಿ ಮಲಗುವುದೆಂದರೇನು! ನನ್ನನ್ನು ಹಿತ್ತಲಿಗೆ ಕರೆದು, "ಬೀಗ್ತಿ ಕೈಯಾಗೆ ಹೊಟ್ಟೆ ತಿಕ್ಕಿಸ್ಕಂಡ ಅಂತ ಊರಾಗೆ ಗೊತ್ತಾದ್ರೆ ನಾನು ತಲೆ ಎತ್ತಿ ತಿರುಗಾಡಾಕೆ ಆಗ್ತೈತೇನೆ? ನಾಳೆ ಮೊದಲನೇ ಬಸ್ಸಿಗೇ ಹೊಕ್ಕೀನಿ," ಅಂದ. ನಾನು ಬಿಡಲಿಲ್ಲ. "ಅತ್ತೆ ಕೈಗುಣ ಚೆನ್ನಾಗೈತೆ, ಸುಮ್ನೆ ಮಲ್ಕೋ," ಅಂತ ಗದರಿಸಿದೆ.

ಬೆಳಗ್ಗೆ ಅಪ್ಪ ಸ್ನಾನ ಮಾಡಿ ಬಂದು ಜಮಖಾನದ ಮೇಲೆ ಮಲಗಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅತ್ತೆ ದೇವರಿಗೆ ಕೈ ಮುಗಿದು ಬಂದು, ಎಣ್ಣೆ ಬಟ್ಟಲಿಗೆ ಬೆರಳು ಅದ್ದಿ ಹೊಟ್ಟೆಗೆ ತಾಗಿಸಿದರೋ ಇಲ್ಲವೋ, ಅಪ್ಪ "ಅಯ್ಯಯ್ಯೋ ಅಕ್ಕಾರೇ!" ಅಂತ ಕಿರುಚಿ ಗಹಗಹಿಸಿ ನಗುತ್ತಾ ಎದ್ದು ಕೂತ. ಮೊಣಕಾಲು ತಾಗಿ ಎಣ್ಣೆ ಬಟ್ಟಲು ಉರುಳಿತು. ಮತ್ತೆ ಮಲಗಿಸಿದೆವು. ಈ ಸಲ ನನ್ನ ಗಂಡ ಭುಜ ಹಿಡಿದುಕೊಂಡರು. ಅತ್ತೆಯ ಹೆಬ್ಬೆರಳು ಇನ್ನೂ ಗಾಳಿಯಲ್ಲಿತ್ತು, ಅಷ್ಟಕ್ಕೇ ಅಪ್ಪ ಹಾವಿನಂತೆ ನುಲಿದು, ಅಳಿಯನ ಕೈ ಬಿಡಿಸಿಕೊಂಡು ಟವೆಲ್ ಸಮೇತ ಅಂಗಳಕ್ಕೆ ಓಡಿದ. ಎದುರು ಮನೆಯವರೆಲ್ಲ ಹೊರಗೆ ಬಂದು ನಿಂತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಅಳೋ ಮಗೂಗೆ ಕೂರಿಸೀನಿ, ಬಸುರಿ ಅಲ್ಲ ಅಂದ್ರೆ ಎಂಥೋರಿಗೂ ಕೂರಿಸೀನಿ. ಹಿಂಗೆ ನಗೋ ಗಂಡಸನ್ನ ನೋಡಿಲ್ಲಪ್ಪ," ಅಂದರು. ಸ್ವಲ್ಪ ಹೊತ್ತು ಯೋಚಿಸಿ ನನ್ನ ಕಡೆ ತಿರುಗಿದರು. "ಶೋಭಾ, ನಡಿ ದಾವಣಗೆರೆಗೆ. ಸ್ಕ್ಯಾನಿಂಗ್ ಮಾಡ್ಸಾನ. ಬಟ್ಟಿ ಎಲ್ಲಿ ಕುಂತೈತೆ ಅಂತ ಕರೆಕ್ಟಾಗಿ ತೋರಿಸ್ಲಿ. ಆಮ್ಯಾಲೆ ಒಂದೇ ಒತ್ತಿಗೆ ಎಳೆದು ಬಿಡ್ತೀನಿ, ನಗಾಕೆ ಟೈಮೇ ಕೊಡಲ್ಲ!"

ನಮ್ಮೂರ ಡಾಕ್ಟರು ಚೀಟಿ ಬರೆದುಕೊಟ್ಟರು. ನಾವು ಮೂವರೂ ಬಸ್ ಹತ್ತಿದೆವು. ದಾವಣಗೆರೆಯಲ್ಲಿ ಇಳಿದ ಕೂಡಲೇ ಅಪ್ಪನ ಕಣ್ಣು ಮಂಡಕ್ಕಿ ಮಿರ್ಚಿ ಗಾಡಿಯ ಮೇಲೆ ಹೋಯಿತು. ಅತ್ತೆ ಅಡ್ಡ ನಿಂತು, "ಬಟ್ಟಿ ಕೆಲಸ ಐತೆ, ಬರಿಹೊಟ್ಟೆ ಅಂದ್ರೆ ಬರಿಹೊಟ್ಟೆ," ಅಂದರು. ಅದೇ ಒಳ್ಳೆಯದಾಯಿತು. ಏನಾದರೂ ತಿಂದು ಬಂದಿದ್ದರೆ ಹೊಟ್ಟೆಯ ಗ್ಯಾಸು ಅಡ್ಡ ಬಂದು ಒಳಗಿನದು ಕಾಣುತ್ತಿರಲಿಲ್ಲವಂತೆ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಇದ್ದದ್ದು ಒಬ್ಬ ಹೆಣ್ಣು ಡಾಕ್ಟರು, ಚಿಕ್ಕ ವಯಸ್ಸು. ಅತ್ತೆಯೂ ನಾನೂ ಜೊತೆಗೇ ಒಳಗೆ ಹೋದೆವು. ಅಪ್ಪನಿಗೆ ಇನ್ನೊಂದು ಸಂಕಟ. ತಣ್ಣನೆಯ ಜೆಲ್ ಹೊಟ್ಟೆಗೆ ಬಿದ್ದದ್ದೇ ತಡ, ಮತ್ತದೇ ನಗು. ಹೊರಗೆ ಕೂತ ಪೇಷಂಟುಗಳೆಲ್ಲ ಬಾಗಿಲಿನ ಕಡೆ ನೋಡಿದರಂತೆ. ಡಾಕ್ಟರಮ್ಮನೂ ನಗೋಕೆ ಶುರು ಮಾಡಿದರು.

"ಯಜಮಾನ್ರೇ, ಒಂದು ಕೆಲಸ ಮಾಡ್ರಿ. ನಿಮ್ಮ ಕೈ ನನ್ನ ಕೈ ಮ್ಯಾಲೆ ಇಡ್ರಿ. ನೀವೇ ಒತ್ರಿ, ನೀವೇ ಸರಿಸ್ರಿ. ನಾನು ಸುಮ್ನೆ ಹಿಡ್ಕೊಂಡಿರ್ತೀನಿ. ನಮ್ಮ ಕೈ ನಮಗೆ ಕಚಗುಳಿ ಇಡಲ್ಲ," ಅಂದರು.

ಅಪ್ಪ ಅಳುಕುತ್ತಲೇ ಕೈ ಇಟ್ಟ. ನಗು ಬರಲೇ ಇಲ್ಲ! ಬೆಪ್ಪಾಗಿ ನನ್ನ ಮುಖ ನೋಡಿದ. ಅತ್ತೆ ಮಾತ್ರ ಬೆರಳು ಕಚ್ಚಿಕೊಂಡರು. "ಅಯ್ಯ ನನ ಶಿವನೇ, ಇಷ್ಟು ಸಣ್ಣ ಉಪಾಯ ನನಗೆ ಹೊಳೀಲಿಲ್ಲವಲ್ಲ!"

ಡಾಕ್ಟರಮ್ಮ ಪರದೆಯ ಮೇಲೆ ತೋರಿಸುತ್ತಾ ಹೋದರು. ಬೆನ್ನುಮೂಳೆಯ ಮುಂದೆಯೇ ಒಂದು ದಪ್ಪ ನಾಳ. ಹೃದಯದಿಂದ ರಕ್ತ ತರುವುದು ಅದೇ. ದಾರಿಯಲ್ಲಿ ಲಿವರಿನ ಕಡೆ, ಕರುಳಿನ ಕಡೆ, ಕಿಡ್ನಿಗಳ ಕಡೆ ಕವಲು ಕೊಟ್ಟು, ಹೊಕ್ಕುಳಿನ ಹತ್ತಿರ ಎರಡಾಗಿ ಒಡೆದು ಕಾಲುಗಳಿಗೆ ಹೋಗುತ್ತದಂತೆ. ಪಕ್ಕದಲ್ಲಿ ಇನ್ನೊಂದು, ಮೆತ್ತಗಿನದು, ರಕ್ತವನ್ನು ವಾಪಸ್ ಹೃದಯಕ್ಕೆ ಒಯ್ಯುವುದು. "ಮೂಗಿಂದ ಜೋರಾಗಿ ಉಸಿರು ಎಳ್ಕೊಳ್ರಿ," ಅಂದಾಗ ಅದು ಚಪ್ಪಟೆಯಾಗಿ ಮತ್ತೆ ಉಬ್ಬಿತು. ಗುಂಡಿ ಒತ್ತಿದರು, ಕೆಂಪು ನೀಲಿ ಬಣ್ಣ ಮೂಡಿತು. ಅತ್ತೆ ಸುಮ್ಮನಿರುತ್ತಾರೆಯೇ? "ಕೆಂಪಂದು ಒಳ್ಳೇ ರಕ್ತ, ನೀಲಿದು ಕೆಟ್ಟದ್ದಾ?" ಅಂತ ಕೇಳಿಯೇ ಬಿಟ್ಟರು. "ಅಲ್ಲಮ್ಮ, ಈ ಕಡೆ ಬರೋದು ಒಂದು ಬಣ್ಣ, ಆ ಕಡೆ ಹೋಗೋದು ಒಂದು ಬಣ್ಣ. ಅಷ್ಟೇ."

ಕಿಡ್ನಿಗಳ ಜಾಗ ದಾಟಿ ಕೆಳಗೆ ಬಂದಾಗ ಡಾಕ್ಟರಮ್ಮನ ಮಾತು ನಿಂತಿತು. ಕೈಯನ್ನು ಅಡ್ಡ ತಿರುಗಿಸಿದರು, ಉದ್ದ ತಿರುಗಿಸಿದರು, ಗೆರೆ ಎಳೆದು ಅಳೆದರು, ಮತ್ತೆ ಅಳೆದರು.

"ಇದು ಹೆಬ್ಬೆರಳು ದಪ್ಪ ಇರ್ಬೇಕಿತ್ತು. ನೋಡ್ರಿ, ಇಲ್ಲಿ ಬದನೆಕಾಯಿ ಹಂಗೆ ಊದೇತೆ. ಗೋಡೆ ತೆಳ್ಳಗಾಗೈತೆ. ಒಡೆದ್ರೆ ಆಸ್ಪತ್ರೆಗೆ ಹೋಗಾಕೂ ಟೈಮ್ ಸಿಗೋದು ಕಷ್ಟ. ಬೀಡಿ ಸೇದ್ತೀರಾ?"

ಅಪ್ಪ ಪೆಚ್ಚಾಗಿ ತಲೆ ಆಡಿಸಿದ. ಅತ್ತೆ ಮೆಲ್ಲಗೆ, "ಹಂಗಾರೆ ಬಟ್ಟಿ ಎಲ್ಲಿ ಸರಿದೈತೆ ತಾಯಿ?" ಅಂದರು.

ಡಾಕ್ಟರಮ್ಮ ನಗಲಿಲ್ಲ, ಗದರಲೂ ಇಲ್ಲ. ಅತ್ತೆಯ ಕೈ ಹಿಡಿದು ಆ ಬೆರಳನ್ನೇ ಪರದೆಯ ಮೇಲೆ ಇಟ್ಟು ತೋರಿಸಿದರು. "ನಿಮ್ಮ ಬೆರಳಿಗೆ ಸಿಗೋ ಬಡಿತ ಇದೇ ಅಮ್ಮ. ಇದು ಬೆನ್ನಿಗೆ ಅಂಟ್ಕೊಂಡಿರೋದು, ಎಲ್ಲಿಗೂ ಸರಿಯಲ್ಲ. ಇವ್ರಿಗೆ ಯಾರಾದ್ರೂ ತಿಕ್ಕಿದ್ರಾ?"

"ಇಲ್ಲವ್ವ. ನಕ್ಕು ಓಡಿಹೋದ್ರು."

"ನಕ್ಕಿದ್ದು ಒಳ್ಳೇದಾತು ಬಿಡ್ರಿ. ಸುಮ್ನೆ ಕೈ ಇಟ್ರೆ ಏನೂ ಆಗಲ್ಲ. ನೀವು ಎಣ್ಣೆ ಹಚ್ಚಿ ಜೋರಾಗಿ ಒತ್ತಿ ಎಳೆದಿದ್ರೆ ಏನಾಗ್ತಿತ್ತೋ ನಾನು ಹೇಳಾಕಾಗಲ್ಲ. ತಡ ಮಾಡಬ್ಯಾಡ್ರಿ, ಇವತ್ತೇ ದೊಡ್ಡ ಆಸ್ಪತ್ರೆಗೆ ತೋರಿಸ್ರಿ."

ಹೊರಗೆ ಬೆಂಚಿನ ಮೇಲೆ ಅತ್ತೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತರು. ಬೆಳಗಿನ ಹರಳೆಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಯಾರಿಗೂ ಜಗ್ಗದ ಹೆಂಗಸು, ಗಳಗಳ ಅತ್ತುಬಿಟ್ಟರು. "ಬೀಗ್ರೇ, ಈಗ ಆ ಡಾಕ್ಟರಮ್ಮ ಕೈ ಮ್ಯಾಲೆ ಕೈ ಇಡಿಸಿದ್ಲಲ್ಲ, ಆ ಉಪಾಯ ಬೆಳಿಗ್ಗೆ ನನಗೆ ಹೊಳೆದಿದ್ರೆ..."

ಒತ್ತಿ ಎಳೆದೇ ಬಿಡುತ್ತಿದ್ದರು ಅನ್ನುವುದು ನನಗೂ ಆಗಲೇ ಹೊಳೆದದ್ದು. ಹಿಡಿದು ಮಲಗಿಸಿದವಳು ನಾನೂ ಹೌದಲ್ಲ.

ಅಪ್ಪ, "ಹೊಳೀಲಿಲ್ಲವಲ್ಲ ಅಕ್ಕಾರೆ, ಬಿಡ್ರಿ ಅತ್ಲಾಗೆ. ಬೆಳಿಗ್ಗೆಯಿಂದ ಬರಿಹೊಟ್ಟೆ ಮಾಡಿ ಕುಂದ್ರಿಸೀರಿ. ಈಗಾದ್ರೂ ಒಂದು ಪ್ಲೇಟ್ ಮಂಡಕ್ಕಿ ಕೊಡಿಸ್ತೀರೋ ಇಲ್ಲೋ?" ಅಂದ. ಅಳುತ್ತಿದ್ದ ಅತ್ತೆಗೆ ನಗು ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಏನಂತಾರೋ ಕೇಳಿ ಆಮೇಲೆ ತಿನ್ನುವಿರಂತೆ ಅಂತ ನಾನೇ ಇಬ್ಬರನ್ನೂ ಎಬ್ಬಿಸಿ ಆಟೋ ಹತ್ತಿಸಿದೆ.

ಅದೇ ವಾರ ಆಪರೇಷನ್ ಆಯಿತು. ಹೊಟ್ಟೆ ಕೊಯ್ಯಲಿಲ್ಲ. ತೊಡೆಸಂದಿಯಿಂದ ಒಂದು ಸಣ್ಣ ಕೊಳವೆ ಒಳಗೆ ಬಿಟ್ಟು ಊದಿದ ಜಾಗಕ್ಕೆ ಒಳಗಿನಿಂದಲೇ ಆಸರೆ ಕೊಟ್ಟರು. ಅಲ್ಲಿ ನರ್ಸು ಬ್ಯಾಂಡೇಜ್ ಬಿಚ್ಚೋಕೆ ಬಂದಾಗಲೂ ವಾರ್ಡೆಲ್ಲ ಕೇಳುವಂತೆ ನಕ್ಕನಂತೆ ಪುಣ್ಯಾತ್ಮ. ಬೀಡಿ ಬಿಟ್ಟಿದ್ದಾನೆ. ಈಗ ಬಾಯಿಗೆ ಲವಂಗ.

ಅತ್ತೆಯ ಕಟ್ಟೆಗೆ ಗುರುವಾರ ಜನ ಇನ್ನೂ ಬರುತ್ತಾರೆ. ಎಣ್ಣೆ ಬಟ್ಟಲು ಮಾತ್ರ ಗೂಡಿನಿಂದ ಇಳಿದಿಲ್ಲ. "ಮೊದ್ಲು ಡಾಕ್ಟರ ಹತ್ರ ತೋರಿಸ್ಕೊಂಡು ಬರ್ರಿ," ಅಂತ ಟೀ ಕುಡಿಸಿ ಕಳಿಸುತ್ತಾರೆ. ಕೆಲವರು ಬೇಜಾರು ಮಾಡಿಕೊಂಡು ಹೋಗುವುದೂ ಉಂಟು.

ಅಪ್ಪ ವರ್ಷಕ್ಕೊಮ್ಮೆ ಸ್ಕ್ಯಾನಿಂಗಿಗೆ ದಾವಣಗೆರೆಗೆ ಬಂದವನು ನಮ್ಮ ಮನೆಗೂ ಬರುತ್ತಾನೆ. ಈ ಸಲವೂ ಬಂದು ಅದೇ ಜಮಖಾನದ ಮೇಲೆ ಮಲಗಿ ಫೋನನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ಆ ಫೋನನ್ನೇ ನೋಡಿದರು. ಅದು ಉಸಿರಿನ ಜೊತೆ ನಿಧಾನಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು, ಅಷ್ಟೇ. ಅಷ್ಟರಲ್ಲಿ ನನ್ನ ಮಗಳು ಹಿಂದಿನಿಂದ ಬಂದು ತಾತನ ಕಂಕುಳಿಗೆ ಬೆರಳು ಹಾಕಿದಳು. ಎದುರು ಮನೆಯವರು ಹೊರಗೆ ಬಂದು ನೋಡುವಷ್ಟು ಜೋರಾಗಿ ಅಪ್ಪ ನಕ್ಕ. "ಮೆಲ್ಲಗೆ ನಗು" ಅಂತ ನಾನು ಹೇಳಲಿಲ್ಲ. ಬೀದಿ ಬಾಗಿಲನ್ನು ಇನ್ನಷ್ಟು ತೆರೆದಿಟ್ಟೆ.